ಅಜ್ಜಿಯ ಹಂಚಿಗೆ ಪರವಾನಗಿ

ಪುರಸಭೆಯ ಕಚೇರಿಯಲ್ಲಿ ನಗು ಬರುವಂಥ ಸಂಗತಿ ದಿನಕ್ಕೊಂದಾದರೂ ನಡೆಯುತ್ತದೆ. ನಗಬೇಕಾದ ಜನ ಮಾತ್ರ ಮೇಜಿನ ಆಚೆ ಅರ್ಜಿ ಹಿಡಿದುಕೊಂಡು ಅಳುಮೋರೆ ಹಾಕಿ ನಿಂತಿರುತ್ತಾರೆ. ಹಾಗಾಗಿ ಆ ಹೊತ್ತಿಗೆ ಯಾರೂ ನಗುವುದಿಲ್ಲ. ನಾನು ಪೆನ್ಶನ್ ಬಂದ ಮೇಲೆ ನಗಲಿಕ್ಕೆ ಶುರುಮಾಡಿದವ.

ಭಟ್ಕಳ, ಹೊನ್ನಾವರ, ಕುಮಟಾ, ಈ ಮೂರೂ ಊರಲ್ಲಿ ನಾನು ಕಟ್ಟಡ ಪರವಾನಗಿಯ ಕಾರಕೂನನಾಗಿ ಕೂತಿದ್ದೇನೆ. ಪುರಸಭೆಯ ಕಾರಕೂನ ಸೇರಿದ ಊರಲ್ಲೇ ಮುದುಕನಾಗುವ ಕಾಲ ಅದು. 'ನಿನಗೆ ಹ್ಯಾಗೆ ಮಾರಾಯಾ ಮೂರು ಊರು ಸಿಕ್ಕಿತು?' ಎಂದು ಊಟದ ಪಂಕ್ತಿಯಲ್ಲಿ ಕೇಳುವವರಿದ್ದಾರೆ. ಅದನ್ನು ಕೊನೆಗೆ ಹೇಳುತ್ತೇನೆ. ಇಲ್ಲಿ ಬರೆದದ್ದೆಲ್ಲ ಮೊದಲನೇ ಊರಿನದು. ಮೂರರಲ್ಲಿ ಮೊದಲನೆಯದು ಯಾವುದು ಎಂದು ಮಾತ್ರ ಕೇಳಬೇಡಿ.

೧. ಒಂಬತ್ತು ತಿಂಗಳು

ನಮ್ಮ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಸೇರಿದ ಹೊಸತು. ನಾನೂ ನೌಕರಿಗೆ ಹೊಸಬ. ಪೇಟೆಯೊಳಗೆ ಅಡಿಕೆ ಸೋಗೆ, ತೆಂಗಿನ ಮಡಲು ಹೊದಿಸಿದ ಮಾಡು ಇರಬಾರದು, ಬೆಂಕಿಯ ಭಯ ಎಂದು ನಮ್ಮ ಪುರಸಭೆ ಠರಾವು ಮಾಡಿತು. ಮಡಲಿನ ಮನೆಗಳಿಗೆಲ್ಲ ನೋಟೀಸು ಹೋಯಿತು. ಬೇರೆಯವರು ನೋಟೀಸನ್ನು ಒಲೆಗೆ ಹಾಕಿ ಸುಮ್ಮನಾದರು. ನೋಟೀಸಿಗೆ ಹೆದರಿದವಳು ಒಬ್ಬಳೇ, ಸೂಲಗಿತ್ತಿ ಅಜ್ಜಿ.

ಈ ಅಜ್ಜಿ ಒಬ್ಬಂಟಿ. ಪೇಟೆ ರಸ್ತೆಯ ಬದಿಗೆ ಅವಳದೊಂದು ಮಣ್ಣಿನ ಗೋಡೆಯ ಮನೆ. ಊರಿನ ಅರ್ಧ ಜನರನ್ನು ಈ ಲೋಕಕ್ಕೆ ಎಳೆದು ತಂದವಳು ಅವಳೇ. ನಮ್ಮ ಅಧ್ಯಕ್ಷರು ಹುಟ್ಟಿದ್ದು ಅವಳ ಕೈಯಲ್ಲಿ, ಅವರ ಮಗ ಹುಟ್ಟಿದ್ದೂ ಅವಳ ಕೈಯಲ್ಲೇ. ಬಾಣಂತಿಯರ ಮನೆಯಿಂದ ಬಂದದ್ದನ್ನೆಲ್ಲ ಕೂಡಿಟ್ಟು, ಕುಂದಾಪುರದ ಕಡೆಯಿಂದ ಮಚವೆ ದೋಣಿಯಲ್ಲಿ ಬಂದ ಹಂಚು ಕೊಂಡು ಅಂಗಳದಲ್ಲಿ ಒಟ್ಟಿದಳು. ಆಮೇಲೆ ಮಾಡು ಬದಲಿಸಲು ಪರವಾನಗಿ ಕೇಳಿ ನನ್ನ ಮೇಜಿನ ಎದುರು ಬಂದು ನಿಂತಳು.

ಕೇಳಿದಳು, ಸರಿ. ಆದರೆ ಅರ್ಜಿ ಬರೆಯಲು ನಮೂನೆ ಬೇಕಲ್ಲ? ಕಪಾಟು ತುಂಬ ಇದ್ದದ್ದು ಮುಂಬಯಿ ಸರಕಾರದ ತಲೆಬರಹದ ನಮೂನೆ. 'ಅದರಲ್ಲಿ ಬರೆಯಕೂಡದು, ಆ ಸರಕಾರ ಈಗ ನಮ್ಮದಲ್ಲ' ಎಂದರು ನಮ್ಮ ಚೀಫ್ ಆಫೀಸರ್ ಸಾಹೇಬರು. ಹೊಸ ಸರಕಾರದ ನಮೂನೆ ಇನ್ನೂ ಬಂದಿರಲಿಲ್ಲ. ಬಿಳಿ ಹಾಳೆಯಲ್ಲಿ ಬರೆಸೋಣವೆಂದರೆ 'ಬಿಳಿ ಹಾಳೆಗೆ ಕಾನೂನಿನಲ್ಲಿ ಜಾಗ ಇಲ್ಲ' ಎಂದರು. ಊರಲ್ಲಿ ಅಷ್ಟು ಕಾಲ ಒಂದು ಬಚ್ಚಲು ಕಟ್ಟಲೂ ಪರವಾನಗಿ ಇಲ್ಲ.

ಅಜ್ಜಿ ಪ್ರತಿ ಸಂತೆಯ ದಿನ ಬಂದು ಇಣುಕುವಳು. 'ಎಂತ ತಮಾ, ಬಂತಾ?' ಎಂದು ಕೇಳುವಳು. 'ಇಲ್ಲ ಅಜ್ಜಿ' ಎನ್ನುವೆ. ಹೀಗೇ ಸಾಗಿ ಒಂದು ದಿನ ಬೆರಳು ಮಡಚಿ ಲೆಕ್ಕ ಹಾಕಿದಳು.

'ಇದು ಎಲ್ಲಿಂದ ಬರುದು?'

'ಬೆಂಗಳೂರಿಂದ, ಅಜ್ಜಿ.'

'ಒಂಬತ್ತು ತಿಂಗಳು ತುಂಬಿ ಹೋತು ತಮಾ. ಇನ್ನೂ ಬರಲಿಲ್ಲ ಅಂದ್ರೆ ಅಡ್ಡ ಬಿದ್ದಿರ್ತದೆ, ಒಳಗೆ ಕೈ ಹಾಕಿ ಎಳಿಬೇಕು. ನಾ ಒಂದ್ಸಲ ಬೆಂಗಳೂರಿಗೆ ಹೋಗ್ಲಾ?'

೨. ಮೆತ್ತಗಿನ ಬಟ್ಟೆ

ನಮೂನೆ ಇಲ್ಲದ ಆ ಬಿಡುವಿನಲ್ಲಿ ಸಾಹೇಬರು ನನಗೊಂದು ಕೆಲಸ ಕೊಟ್ಟರು. ದಫ್ತರದ ಕೋಣೆಯ ಮಾಡು ಸೋರಿ, ಕಾಗದವೆಲ್ಲ ಬೂಸರು ಹಿಡಿದು, ಗೆದ್ದಲು ಹತ್ತಿತ್ತು. 'ಮುಂಬಯಿ ಕಾಲದ ಕಸ ಎಲ್ಲ ತೆಗೆದು ಹೊರಗೆ ಹಾಕು' ಎಂದರು. ನಾನು, ಕಚೇರಿಯ ಶಿಪಾಯಿ, ಇಬ್ಬರೂ ಮೂಗಿಗೆ ಪಂಜಿ ಬಟ್ಟೆ ಕಟ್ಟಿಕೊಂಡು ಒಳಗೆ ಹೊಕ್ಕೆವು.

ಮೂಲೆಯಲ್ಲಿ ಒಂದು ದಪ್ಪ ಸುರುಳಿ ಇತ್ತು. ಕಾಗದವಲ್ಲ, ಗಂಜಿ ಹಾಕಿ ಮಿರಿಮಿರಿ ಹೊಳಪು ಕೊಟ್ಟ ಬಟ್ಟೆ. ಬ್ರಿಟಿಷರ ಕಾಲದಲ್ಲಿ ನಕಾಶೆ ಬರೆಯುತ್ತಿದ್ದದ್ದು ಅಂಥ ಬಟ್ಟೆಯ ಮೇಲೆ. ಶಿಪಾಯಿ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ, 'ರಾಯರೇ, ಇದು ಭಾರೀ ಒಳ್ಳೇ ನೂಲು. ನನ್ನ ಹೆಂಡತಿಗೆ ದಿನ ತುಂಬತಾ ಬಂತು. ತಕಂಡು ಹೋಗ್ಲಾ?' ಎಂದ.

ನಾನು ಬಿಚ್ಚಿ ನೋಡಬೇಕಿತ್ತು. ನೋಡಲಿಲ್ಲ. ಮೂಗಿಗೆ ಧೂಳು ಹೊಕ್ಕು ಸೀನು ಬರುತ್ತಿತ್ತು. 'ತಗೊಂಡು ಹೋಗು ಮಾರಾಯಾ, ಗೆದ್ದಲು ತಿನ್ನುವುದಕ್ಕಿಂತ ನಿನ್ನ ಪಿಳ್ಳೆ ಉಟ್ಟುಕೊಳ್ಳಲಿ' ಎಂದೆ. ದೊಡ್ಡ ಉಪಕಾರ ಮಾಡಿದೆನೆಂದು ಒಳಗೊಳಗೇ ಸಂತೋಷಪಟ್ಟೆ ಬೇರೆ.

ಅವನ ಹೆಂಡತಿ ಅದನ್ನು ಸೋಡಾ ಹಾಕಿ ಕುದಿಸಿ, ಕಲ್ಲಿಗೆ ಬಡಿದು, ಗಂಜಿಯೆಲ್ಲ ಬಿಡಿಸಿದಳು. ಒಳಗಿಂದ ಬಂದದ್ದು ಬೆಣ್ಣೆಯಂಥ ಮೆತ್ತಗಿನ ಬಟ್ಟೆ! ಎರಡು ಜಬಲೆ ಅಂಗಿ ಆಯಿತು, ಒಂದು ಕುಲಾವಿ ಆಯಿತು. ಮಿಕ್ಕ ದೊಡ್ಡ ತುಂಡನ್ನು ಹೆರಿಗೆ ಮಾಡಿಸಿದ ಸೂಲಗಿತ್ತಿ ಅಜ್ಜಿಗೆ ಉಡುಗೊರೆ ಕೊಟ್ಟರು. ಹುಟ್ಟಿದ ಮಗುವಿಗೆ ಮೊದಲು ಹೊಸ ಬಟ್ಟೆ ತಾಗಿಸುವುದಿಲ್ಲ, ಹಳೆಯದನ್ನೇ ಸುತ್ತುವುದು ನಮ್ಮ ಕಡೆ ಪದ್ಧತಿ. ಅಂದಿನಿಂದ ಊರಲ್ಲಿ ಹುಟ್ಟಿದ ಎಲ್ಲ ಮಕ್ಕಳಿಗೂ ಅಜ್ಜಿ ಅದನ್ನೇ ಸುತ್ತಿದಳು.

ತಿಂಗಳು ಕಳೆದ ಮೇಲೆ ಶಿಪಾಯಿ ಮಗುವನ್ನು ಎತ್ತಿಕೊಂಡು ಕಚೇರಿಗೆ ತೋರಿಸಲು ಬಂದ. ಜಬಲೆಯ ಬೆನ್ನ ಮೇಲೆ ಮಾಸಲು ಅಕ್ಷರದಲ್ಲಿ ಇಂಗ್ಲೀಷಿನಲ್ಲಿ ಏನೋ ಬರೆದಿತ್ತು. ಓದಿದೆ. 'ಮಂಜೂರಾದ ಪೇಟೆ ರಸ್ತೆ ಅಗಲೀಕರಣ' ಎಂದಿತ್ತು. ಬಗ್ಗಿ ಇನ್ನೊಮ್ಮೆ ಓದಿದೆ. ಅಷ್ಟರಲ್ಲಿ ಆ ಮಗು ರಸ್ತೆಯ ತುಂಬ ಉಚ್ಚೆ ಹೊಯ್ದಿತು.

೩. ಪಾಯಖಾನೆ

ಹತ್ತನೇ ತಿಂಗಳಿಗೆ ನಮೂನೆ ಬಂತು. ಅಜ್ಜಿಯ ಅರ್ಜಿಯನ್ನು ನಾನೇ ಬರೆದೆ. ಅವಳು ಹೆಬ್ಬೆಟ್ಟು ಒತ್ತಿದಳು. ಅದು ತಿರುಗಿ ಬಂತು. ಹೊಸ ನಮೂನೆಯಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು, 'ಪಾಯಖಾನೆಯನ್ನು ಎಲ್ಲಿ ಕಟ್ಟುವಿರಿ?' ಎಂದು. ಇನ್ನು ಮುಂದೆ ಪಾಯಖಾನೆ ಇಲ್ಲದ ಮನೆಗೆ ಪರವಾನಗಿ ಇಲ್ಲ.

ಊರವರು ಈ ಕಾನೂನನ್ನು ಚೆನ್ನಾಗಿಯೇ ಪಾಲಿಸಿದರು. ಪಾಯಖಾನೆ ಕಟ್ಟಿದರು, ಬೀಗ ಹಾಕಿದರು, ಚಂಬು ಹಿಡಿದುಕೊಂಡು ಎಂದಿನಂತೆ ಗುಡ್ಡೆ ಹತ್ತಿದರು. ಕರ್ಕಿ ಕಡೆಯಿಂದ ಬಂದು ನಮ್ಮೂರಲ್ಲಿ ಮನೆ ಕಟ್ಟಿದ ಯಕ್ಷಗಾನದ ವೇಷಧಾರಿ ಒಬ್ಬರಿದ್ದರು. ಅವರ ಪಾಯಖಾನೆ ನೋಡಲು ಸ್ಯಾನಿಟರಿ ಇನ್ಸ್‌ಪೆಕ್ಟರ್ ಹೋದರು. ಜೊತೆಗೆ ನಾನೂ ಇದ್ದೆ. ಬೀಗ ತೆಗೆಸಿದರೆ ಒಳಗೆ ಗೂಟದ ಮೇಲೆ ಕಿರೀಟ, ಭುಜಕೀರ್ತಿ, ಎದೆಪದಕ, ಮುಂದೆ ಒಂದು ಸಣ್ಣ ದೀಪ. 'ಮನೆಯಲ್ಲಿ ಮಡಿಯಾಗಿ ಇರುವ ಕೋಣೆ ಇದೊಂದೇ, ಯಾರೂ ಒಳಗೆ ಹೋಗುವುದಿಲ್ಲ ನೋಡಿ' ಎಂದರು ವೇಷಧಾರಿ. ಇನ್ಸ್‌ಪೆಕ್ಟರ್ ಬೂಟು ಬಿಚ್ಚಿದರು, ಕೈ ಮುಗಿದರು, 'ಅತ್ಯಂತ ಸ್ವಚ್ಛವಾಗಿದೆ' ಎಂದು ಬರೆದು ಸಹಿ ಹಾಕಿದರು.

ಅಜ್ಜಿಯ ಮನೆ ಹಿಂದೆ ಬಾವಿ, ಮುಂದೆ ಹಂಚು ಒಟ್ಟಿದ ತುಂಡು ಅಂಗಳ, ಆಚೆ ರಸ್ತೆ, ಎರಡೂ ಕಡೆ ಪಕ್ಕದ ಮನೆಯ ಗೋಡೆ. ಪಾಯಖಾನೆಗೆ ಜಾಗ ಎಲ್ಲಿಂದ ತರಬೇಕು? ಅಷ್ಟರಲ್ಲಿ ಎರಡನೇ ಮಳೆಗಾಲವೂ ಮುಗಿಯಿತು. ಕೊನೆಗೆ ಅವಳು ಅಂಗಳದಲ್ಲಿ ಹಂಚು ಒಟ್ಟಿಟ್ಟ ಜಾಗದಲ್ಲಿ ನಾನೇ ಒಂದು ಚೌಕ ಬರೆದು 'ಪಾಯಖಾನೆ' ಎಂದು ಹೆಸರಿಟ್ಟೆ. ಸಾಹೇಬರು ಒಪ್ಪಿದರು. ಅಜ್ಜಿಗೆ ಹೇಳಿದೆ.

'ಹಾಗಾದ್ರೆ ನನ್ನ ಹಂಚು ಪಾಯಖಾನಿಯಲ್ಲಿ ಅದೆ, ನಾ ಹೊರಗಿದ್ದೆ' ಎಂದಳು. 'ಹಂಚಿಗೆ ಪುಣ್ಯ ಅದೆ ಬಿಡು.'

೪. ಓವರ್‌ಸಿಯರ್ ಎಳೆದ ಗೆರೆ

ಇನ್ನು ಜಾಗ ಅಳೆಯುವ ಕೆಲಸ. ಓವರ್‌ಸಿಯರ್ ಸರಪಳಿ ಹಿಡಿದು ಪೇಟೆ ರಸ್ತೆಗೆ ಬಂದರು. ರಸ್ತೆ ಅಗಲ ಮಾಡಬೇಕೆಂದು ಹಿಂದೆ ಯಾವಾಗಲೋ ಮಂಜೂರಾಗಿತ್ತು. ಅಗಲ ಆಗುವುದು ಒಂದೇ ಬದಿಗೆ. ಒಂದು ಬದಿಯಲ್ಲಿ ಅಜ್ಜಿಯ ಮನೆ, ಎದುರು ಬದಿಯಲ್ಲಿ ಅಧ್ಯಕ್ಷರ ಅಕ್ಕಿ ಗೋದಾಮು. ಯಾವ ಬದಿಗೆ ಎಂದು ಹೇಳುವುದು ಆ ಬಟ್ಟೆ ನಕಾಶೆ ಒಂದೇ. ಗಡಿಗೆ ನೆಟ್ಟ ಕಲ್ಲು ಇರಬೇಕಿತ್ತು. ಹುಡುಕಿದರೆ ಅದನ್ನು ಕಿತ್ತು ಬಾವಿಕಟ್ಟೆಗೆ ಒಯ್ದು ಅದರ ಮೇಲೆ ಯಾರೋ ಬಟ್ಟೆ ಒಗೆಯುತ್ತಿದ್ದರು.

'ನಕಾಶೆ ಎಲ್ಲಿದೆ?' ಎಂದು ಓವರ್‌ಸಿಯರ್ ನನ್ನನ್ನು ಕೇಳಿದರು.

ನನಗೆ ಗೊತ್ತಿತ್ತು. ಅರ್ಧ ಶಿಪಾಯಿಯ ಮಗನ ಮೈಮೇಲೆ, ಅರ್ಧ ಅಜ್ಜಿಯ ಗಂಟಿನಲ್ಲಿ. ಹೇಳಿದರೆ ನೌಕರಿ ಹೋಗುತ್ತದೆ. ನಾನಿನ್ನೂ ಕಾಯಂ ಆಗಿರಲಿಲ್ಲ. ಮದುವೆಯಾಗಿ ಎರಡು ತಿಂಗಳಾಗಿತ್ತು. 'ಕಚೇರಿಯಲ್ಲಿ ಇರಬೇಕು' ಎಂದೆ. ಆ ಮಾತು ನೆನಪಾದರೆ ಇವತ್ತಿಗೂ ನನ್ನ ಮೇಲೆ ನನಗೆ ಹೇಸಿಗೆ ಬರುತ್ತದೆ.

'ಇರಲಿ, ನನ್ನ ನೆನಪಿನಲ್ಲಿದೆ' ಎಂದರು ಓವರ್‌ಸಿಯರ್. ಎದುರು ಗೋದಾಮಿನ ಬಾಗಿಲಲ್ಲಿ ಅಧ್ಯಕ್ಷರು ಎಲೆ ಅಡಿಕೆ ಹಾಕುತ್ತ ನಿಂತಿದ್ದರು. ಓವರ್‌ಸಿಯರ್ ಅವರತ್ತ ಒಮ್ಮೆ ನೋಡಿದರು, ನೆನಪು ಇನ್ನೂ ಚೆನ್ನಾಗಿ ಬಂತು. ಸುಣ್ಣದ ಪುಡಿಯಲ್ಲಿ ಗೆರೆ ಹಾಕುತ್ತ ಅಜ್ಜಿಯ ಜಗಲಿ ಹತ್ತಿದರು, ಹೊಸ್ತಿಲು ದಾಟಿದರು, ಒಳಗೆ ಹೋಗಿ ಅಡುಗೆ ಒಲೆಯ ಮೇಲೆ ಗೆರೆ ಮುಗಿಸಿದರು.

ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಅಜ್ಜಿ ಸೌಟಿನಿಂದ ಗಂಜಿಯನ್ನು ಒಮ್ಮೆ ತಿರುವಿದಳು. ಆಮೇಲೆ, 'ಒಡೆಯಾ, ಗಂಜಿ ಆಗೂವರೆಗೆ ಮೋಟಾರು ಎಲ್ಲ ಆ ಬದಿಗೆ ನಿಲ್ಸಲಕ್ಕಾ?' ಎಂದಳು.

೫. ಶಾಲು

ಅಜ್ಜಿಯ ಅರ್ಜಿ ಕಮಿಟಿಗೆ ಹೋಯಿತು. ಅವಳ ಸ್ಥಿತಿ ಏನೆಂದು ಕೇಳಿ. ಮಡಲು ಹೊದಿಸಿದರೆ ದಂಡ. ಹಂಚು ಹೊದಿಸಲು ಪರವಾನಗಿ ಇಲ್ಲ. ಕಳೆದೆರಡು ಮಳೆಗಾಲ ಅದೇ ಹಳೇ ಮಡಲು, ಕೊಳೆತು ಕರಿದಾಗಿ ಸೋರಿ, ನೀರೆಲ್ಲ ಮಣ್ಣಿನ ಗೋಡೆಗೆ ಇಳಿದು ಗೋಡೆ ಹೊಟ್ಟೆ ಬಿಟ್ಟಿತ್ತು. ಅಂಗಳದಲ್ಲಿ ಹೊಸ ಹಂಚು ಪಾಚಿ ಹಿಡಿಯುತ್ತಿತ್ತು.

ಕಮಿಟಿಯಲ್ಲಿ ಕೂತವರಲ್ಲಿ ಇಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಅವಳ ಕೈಯಲ್ಲಿ ಹುಟ್ಟಿದವರೇ. ಒಬ್ಬರು ಎದ್ದು, 'ಆಕೆ ನಮಗೆಲ್ಲ ತಾಯಿ ಸಮಾನ' ಎಂದರು. ಇನ್ನೊಬ್ಬರು, 'ತಾಯಿಗಿಂತ ಹೆಚ್ಚು. ನಾನು ಕಾಲು ಮುಂದಾಗಿ ಬಂದವ. ಆಕೆ ಇಲ್ಲದಿದ್ದರೆ ಇವತ್ತು ಇಲ್ಲಿ ಕೂತು ಮಾತಾಡುತ್ತಿರಲಿಲ್ಲ' ಎಂದು ಕಣ್ಣೊರೆಸಿಕೊಂಡರು. ಸಭೆಯೇ ಒಂದು ಕ್ಷಣ ಗದ್ಗದವಾಯಿತು. ಹಾಗೆ ಗದ್ಗದವಾಗಿಯೇ ಎರಡು ಠರಾವು ಪಾಸಾದವು. ಒಂದು, ಮನೆ ರಸ್ತೆಯ ಗೆರೆಯೊಳಗೆ ಇರುವುದರಿಂದ ಅರ್ಜಿ ನಾಮಂಜೂರು. ಎರಡು, ಅಜ್ಜಿಗೆ ಶಾಲು ಹೊದಿಸಿ ಸತ್ಕಾರ ಮಾಡುವುದು.

ಸತ್ಕಾರ ಕಚೇರಿಯ ಜಗಲಿಯಲ್ಲೇ ನಡೆಯಿತು. ಹಾರ ಹಾಕಿದರು, ಶಾಲು ಹೊದಿಸಿದರು, ಅಧ್ಯಕ್ಷರು ಬಗ್ಗಿ ಕಾಲಿಗೆ ಕೈ ಮುಟ್ಟಿಸಿದರು. 'ಎರಡು ಮಾತು ಆಡಿ ಅಜ್ಜಿ' ಎಂದರು. ಅಜ್ಜಿ ಶಾಲಿನ ಅಂಚನ್ನು ಕೈಯಲ್ಲಿ ಹಿಡಿದು ಉದ್ದ ಅಗಲ ನೋಡಿದಳು.

'ಚಲೋ ಅದೆ. ಇದನ್ನ ಮಾಡಿಗೆ ಹೊದಿಸಲಿಕ್ಕೆ ಪರವಾನಗಿ ಬೇಕಾ?' ಎಂದು ಕೇಳಿದಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು ಬಚ್ಚಲಿಗೆ ಹೋದೆ.

೬. ಗೋಡೆ

ಮೂರನೇ ಮಳೆಗಾಲ. ಆರ್ದ್ರಾ ಮಳೆ ಎಡೆಬಿಡದೆ ಹೊಡೆಯುತ್ತಿತ್ತು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಪೇಟೆ ರಸ್ತೆಯಲ್ಲಿ ಕೂಗು ಎದ್ದಿತು. ಓಡಿ ಹೋಗಿ ನೋಡಿದರೆ ಅಜ್ಜಿಯ ಮನೆಯ ಗೋಡೆ ಒಳಗಡೆಗೆ ಕುಸಿದು, ಮಾಡು ಅದರ ಮೇಲೆ ಕೂತುಬಿಟ್ಟಿತ್ತು. ಪಕ್ಕದ ಮನೆಯವರು, ನಾನು, ಶಿಪಾಯಿ, ಎಲ್ಲ ಸೇರಿ ಮಣ್ಣನ್ನು ರಸ್ತೆಗೆ ಎಳೆದು ಹಾಕಿದೆವು. ಅಜ್ಜಿ ಬದುಕಿದ್ದಳು. ಬಲಗೈ ಮಾತ್ರ ಮಣಿಗಂಟಿನಿಂದ ಕೆಳಗೆ ಜಜ್ಜಿಹೋಗಿತ್ತು. ಊರಿಗೆ ಊರನ್ನೇ ಹೊರಗೆ ತಂದ ಕೈ ಅದು. ಅಂಗಳದಲ್ಲಿ ಹಂಚು ಒಂದೂ ಒಡೆಯದೆ ಮಳೆಯಲ್ಲಿ ಫಳಫಳ ಹೊಳೆಯುತ್ತಿತ್ತು. ಆ ಹಂಚನ್ನು ನೋಡಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮರುದಿನ ಕಚೇರಿಯಿಂದ ಅವಳಿಗೆ ನೋಟೀಸು ಹೋಯಿತು. ಕುಸಿದ ಮಣ್ಣು ರಸ್ತೆಗೆ ಬಂದು ಸಂಚಾರಕ್ಕೆ ಅಡ್ಡಿಯಾಗಿದೆ, ಕೂಡಲೇ ತೆಗೆಸಬೇಕು ಎಂದು. ಅದನ್ನು ಬರೆದವನು ನಾನು. ನೋಟೀಸನ್ನು ಬಾಗಿಲಿಗೆ ಅಂಟಿಸಬೇಕೆಂದು ನಿಯಮ. ಶಿಪಾಯಿ ಖಳಿಯ ಡಬ್ಬಿ ಹಿಡಿದು ಹೋದವ ಅಳುತ್ತ ವಾಪಸು ಬಂದ. 'ಬಾಗಿಲೇ ಇಲ್ಲ ರಾಯರೇ. ಎಲ್ಲಿಗೆ ಅಂಟಿಸ್ಲಿ?'

ಅಜ್ಜಿ ಪಕ್ಕದ ಮನೆಯ ಜಗಲಿಯಲ್ಲಿ ಮಲಗಿದ್ದಳು. ಕೈಗೆ ಬಿದಿರ ದಬ್ಬೆ ಕಟ್ಟಿದ್ದರು. ನಾನು ಅವಳ ಕಾಲ ಹತ್ತಿರ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಸುರುಳಿ ಕೊಟ್ಟವ ನಾನು, ಎರಡು ವರ್ಷ ಬಾಯಿ ಮುಚ್ಚಿಕೊಂಡವನೂ ನಾನು ಎಂದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ತಲೆದೆಸೆಯ ಗಂಟು ಬಿಚ್ಚಲು ಹೇಳಿದಳು. ಬಟ್ಟೆ ತೆಗೆದು ಬೆಳಕಿಗೆ ಹಿಡಿದೆ. ತೊಳೆದು ತೊಳೆದು ಮಾಸಿದ್ದರೂ ಗೆರೆ ಕಾಣುತ್ತಿತ್ತು. ರಸ್ತೆ, ಬಾವಿ, ಅಜ್ಜಿಯ ಮನೆಯ ಚೌಕ. ಅಗಲ ಆಗಬೇಕಾದ್ದು ಎದುರು ಬದಿಗೆ. ಗೆರೆ ಹೋದದ್ದು ಅಧ್ಯಕ್ಷರ ಗೋದಾಮಿನ ನಡುಮಧ್ಯ!

'ಅಜ್ಜಿ, ಎರಡು ವರ್ಷ ನಿನ್ನ ಪರವಾನಗಿ ನಿನ್ನ ತಲೆಕೆಳಗೇ ಇತ್ತಲ್ಲೇ' ಎಂದೆ.

'ನಂಗೆ ಓದ್ಲಿಕ್ಕೆ ಬತ್ತಿಲ್ಲ ತಮಾ' ಎಂದಳು. 'ನಿಂಗೆ ಬತ್ತದೆ.'

ಅದಕ್ಕಿಂತ ದೊಡ್ಡ ಬೈಗಳು ನನಗೆ ಯಾರೂ ಬೈದಿಲ್ಲ.

೭. ಆವಕ, ಜಾವಕ

ಬಟ್ಟೆಯನ್ನು ಕಮಿಟಿಯ ಮೇಜಿನ ಮೇಲೆ ಹರಡಿದೆ. ಹೋದರೆ ನೌಕರಿ ಹೋಗಲಿ ಎಂದು ಹೆಂಡತಿಗೆ ಹೇಳಿಯೇ ಬಂದಿದ್ದೆ. ಎಲ್ಲರೂ ಬಗ್ಗಿ ನೋಡಿದರು. ಗೋದಾಮಿನ ಮೇಲೆ ಹೋದ ಗೆರೆಯನ್ನು ನೋಡಿದ ಅಧ್ಯಕ್ಷರು ಅದರ ಪಕ್ಕಕ್ಕೆ ಬೆರಳು ಮಾಡಿದರು.

'ಇದರ ಮೇಲೆ ಏನಿದು ಕಲೆ?'

'ಮಕ್ಕಳದು ಸಾರ್. ನಿಮ್ಮ ಮೊಮ್ಮಗನಿಗೂ ಹುಟ್ಟಿದಾಗ ಇದನ್ನೇ ಸುತ್ತಿದ್ದು.'

ಸಾಹೇಬರು ಆವಕ-ಜಾವಕದ ಪುಸ್ತಕ ತರಿಸಿದರು. ಕಚೇರಿಗೆ ಬಂದ ಕಾಗದಕ್ಕೆ ಆವಕ, ಕಚೇರಿಯಿಂದ ಹೊರಗೆ ಹೋದದ್ದಕ್ಕೆ ಜಾವಕ. ಹಾಳೆ ಹಾಳೆ ಮಗುಚಿ ಕನ್ನಡಕ ತೆಗೆದರು. 'ನಕಾಶೆ ಜಾವಕ ಆದ ದಾಖಲೆ ಇಲ್ಲ. ಜಾವಕ ಆಗದ್ದು ಹೊರಗೆ ಹೋಗಿಲ್ಲ. ಹೊರಗೆ ಹೋಗಿಲ್ಲ ಎಂದ ಮೇಲೆ ನಕಾಶೆ ಕಚೇರಿಯಲ್ಲೇ ಇದೆ. ಕಚೇರಿಯಲ್ಲಿರುವ ನಕಾಶೆ ಹೊರಗೆ ಸಿಗಲಿಕ್ಕೆ ಹ್ಯಾಗೆ ಸಾಧ್ಯ? ಇದು ಖೋಟಾ.'

'ಸಾರ್, ಕೊಟ್ಟವ ನಾನೇ. ನನ್ನ ಕೈಯಾರೆ ಶಿಪಾಯಿಗೆ ಕೊಟ್ಟೆ.'

'ನೀನು ಕೊಡಲಿಲ್ಲ.'

'ಕೊಟ್ಟೆ ಸಾರ್!'

'ಕೊಟ್ಟಿದ್ದರೆ ದಫ್ತರ ಕಳೆದುಹೋಯಿತು ಎಂದು ನಾವೆಲ್ಲ ಮೇಲಿನವರಿಗೆ ಉತ್ತರ ಕೊಡಬೇಕಾಗುತ್ತದೆ. ಆದ್ದರಿಂದ ನೀನು ಕೊಡಲಿಲ್ಲ. ಕೂತ್ಕೋ.'

ನಾನು ಕೂತೆ. ತಪ್ಪು ಒಪ್ಪಿಕೊಳ್ಳಲಿಕ್ಕೂ ನಮ್ಮಲ್ಲಿ ಪರವಾನಗಿ ಇರಲಿಲ್ಲ. ಖೋಟಾ ನಕಾಶೆಯನ್ನು ತಿಜೋರಿಯಲ್ಲಿಟ್ಟು ಬೀಗ ಹಾಕಿದರು.

ವಾರ ಕಳೆಯುವುದರೊಳಗೆ ಅಧ್ಯಕ್ಷರ ಸೊಸೆಗೆ ಎರಡನೇ ಹೆರಿಗೆಯ ನೋವು ಬಂತು. ಹೊಳೆ ತುಂಬಿ ತಾರಿಯ ದೋಣಿ ನಿಂತಿತ್ತು. ಡಾಕ್ಟರಮ್ಮ ಆಚೆ ದಡದಲ್ಲಿ. ದಿಕ್ಕಿಲ್ಲದೆ ಸೂಲಗಿತ್ತಿ ಅಜ್ಜಿಯನ್ನೇ ಗಾಡಿ ಕಳಿಸಿ ಕರೆಸಿದರು. ಅವಳ ಜಾಗದಲ್ಲಿ ನಾನಿದ್ದರೆ ಹೋಗುತ್ತಿರಲಿಲ್ಲ. ಅವಳು ಹೋದಳು. ದಬ್ಬೆ ಕಟ್ಟಿದ ಬಲಗೈಯನ್ನು ಎದೆಗೆ ಒತ್ತಿಕೊಂಡು, ಎಡಗೈಯಿಂದಲೂ ಬಾಯಿಂದಲೂ ಮನೆಯ ಹೆಂಗಸರಿಗೆ ಹೇಳಿಕೊಟ್ಟು, ಮಗುವನ್ನು ತಂದಳು. ಗಂಡು.

ಆಗ ಅಧ್ಯಕ್ಷರ ಹೆಂಡತಿ ಸುತ್ತಲು ಒಂದು ಹಳೇ ಪಂಚೆ ತಂದರು. ಅಜ್ಜಿ ಬೇಡವೆಂದಳು. 'ಹಿರಿ ಹುಡುಗಗೆ ಸುತ್ತಿದ್ದನ್ನೇ ಇವಗೂ ಸುತ್ತಬೇಕು ಅಮಾ. ಅದು ಕಚೇರಿ ತಿಜೋರಿಲಿ ಅದೆ.' ಮನೆಯಾಕೆ ಗಂಡನತ್ತ ತಿರುಗಿದರು. ಊರಿಗೆ ಅಧ್ಯಕ್ಷರಾದವರೂ ಬಾಣಂತಿ ಕೋಣೆಯ ಬಾಗಿಲಲ್ಲಿ ಬರೀ ಗಂಡನೇ ಅಲ್ಲವೇ? ಮಳೆಯಲ್ಲಿ ಕೊಡೆಯನ್ನೂ ಮರೆತು ಕಚೇರಿಗೆ ಓಡಿ ಬಂದರು.

'ಆ ಬಟ್ಟೆ ಕೊಡು, ಬೇಗ!'

ನನ್ನ ತಲೆಯಲ್ಲಿ ಆವತ್ತು ಯಾವ ದೇವರು ಹೊಕ್ಕಿದ್ದನೋ. 'ಜಾವಕ ಮಾಡಬೇಕಲ್ಲ ಸಾರ್' ಎಂದೆ. 'ಏನಾದರೂ ಬರಿ ಮಾರಾಯಾ, ಮಗು ಬತ್ತಲೆ ಮಲಗಿದೆ!' ಎಂದರು. ನಾನು ಸಾವಕಾಶ, ದುಂಡಗೆ, ಬರೆದೆ: 'ಪೇಟೆ ರಸ್ತೆಯ ಮೂಲ ನಕಾಶೆ, ಬಟ್ಟೆಯದು, ಒಂದು. ಕಳಿಸಿದ್ದು, ಅಧ್ಯಕ್ಷರ ಮನೆಗೆ.' ಅವರು ಓದದೆ ಸಹಿ ಹೊಡೆದು ಬಟ್ಟೆ ಕಂಕುಳಲ್ಲಿ ಇಟ್ಟುಕೊಂಡು ಓಡಿದರು.

ಮುಂದಿನ ಸಭೆಯಲ್ಲಿ ನಾನು ಪುಸ್ತಕವನ್ನೇ ಮೇಜಿನ ಮೇಲಿಟ್ಟೆ. ಈಗ ಮೂಲ ನಕಾಶೆ ಜಾವಕ ಆಗಿದೆ, ಅಧ್ಯಕ್ಷರ ಸಹಿ ಇದೆ. ಖೋಟಾ ಎಂದರೆ ಮೂಲ ಎಲ್ಲಿ ಎಂದು ಅಧ್ಯಕ್ಷರೇ ಹೇಳಬೇಕು. ಮೂಲ ಎಂದರೆ ರಸ್ತೆ ಗೋದಾಮಿನ ಮೇಲೆ ಹೋಗುತ್ತದೆ. ಕಾಲು ಮುಂದಾಗಿ ಹುಟ್ಟಿದ ಸದಸ್ಯರು ಕೆಮ್ಮಿ, 'ಒಟ್ಟಾರೆ ರಸ್ತೆ ಅಗಲ ಮಾಡುವುದನ್ನೇ ಮುಂದಕ್ಕೆ ಹಾಕಿದರೆ ಹ್ಯಾಗೆ?' ಎಂದರು. ಅಷ್ಟೇ ಸಾಕಾಯಿತು. ರಸ್ತೆ ಮುಂದಕ್ಕೆ ಹೋಯಿತು. ಅಜ್ಜಿಯ ಅರ್ಜಿ ಮಂಜೂರಾಯಿತು.

ಹಸಿ ಸಹಿಯ ಕಾಗದ ಹಿಡಿದು ನಾನು ಅಜ್ಜಿ ಮಲಗಿದ್ದ ಜಗಲಿಗೆ ಓಡಿದೆ.

'ಎಂತ ಬರದ್ದು ತಮಾ, ಓದು.'

'ನಿನ್ನ ಮಾಡಿಗೆ ಹಂಚು ಹೊದಿಸಲು ಅಡ್ಡಿಯಿಲ್ಲ ಎಂದು ಬರೆದಿದೆ ಅಜ್ಜಿ!'

ಅಜ್ಜಿ ಪಕ್ಕದ ಮಣ್ಣಿನ ಗುಪ್ಪೆಯತ್ತ ನೋಡಿದಳು.

'ಯಾವ ಮಾಡಿಗೆ?' ಎಂದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ನಗುತ್ತ ನಗುತ್ತ ನನಗೆ ಅಳು ಬಂತು. ಅವಳೇ ಎಡಗೈಯಿಂದ ನನ್ನ ಬೆನ್ನು ಸವರಿದಳು.

೮. ದಫ್ತರದ ಕೋಣೆ

ಗೋಡೆ ಎಬ್ಬಿಸುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ಕೈ ಸೋತ ಸೂಲಗಿತ್ತಿಗೆ ಮನೆ ಕಟ್ಟಿಕೊಡುವವರು ಯಾರು? ಮಳೆ ಬಿಟ್ಟ ಮೇಲೆ ತಂಗಿಯ ಮನೆ ಎಂದು ಬಾಡ ಎಂಬ ಹಳ್ಳಿಗೆ ಹೋದಳು. ಹೋಗುವಾಗ, 'ಹಂಚು ಅಲ್ಲೇ ಇರ್ಲಿ ತಮಾ, ಯಾರಾದ್ರೂ ಬಡವರು ಬಂದ್ರೆ ಕೊಡು' ಎಂದಳು.

ಬಡವರು ಬರುವ ಮೊದಲೇ ಪುರಸಭೆ ಬಂತು. ದಫ್ತರದ ಕೋಣೆ ಸೋರಿ ಸೋರಿ ಇನ್ನೇನು ಬೀಳುವಂತಾಗಿತ್ತು. ಪೇಟೆ ರಸ್ತೆಯ ಬದಿ ಬಿದ್ದ ಹಂಚು ಬೇವಾರಸಿ ಮಾಲು ಎಂದು ಠರಾವು ಮಾಡಿ, ಒಂದೇ ದಿನದಲ್ಲಿ ಹೊತ್ತು ತಂದು ಹೊದಿಸಿಬಿಟ್ಟರು. ನಾನು ಬಾಯಿ ಬಿಟ್ಟು ಹೇಳಿದೆ, ಕೂಗಿದೆ, ಯಾರೂ ಕೇಳಲಿಲ್ಲ. ಅವಳ ಅರ್ಜಿ, ಅವಳಿಗೆ ಕೊಟ್ಟ ನೋಟೀಸು, ನಾಮಂಜೂರಿನ ಠರಾವು ಎಲ್ಲ ಅದೇ ಕೋಣೆಯಲ್ಲಿ ಇದ್ದವು. ಇನ್ನು ಯಾವ ಮಳೆಗೂ ಅವುಗಳಲ್ಲಿ ಒಂದು ಕಾಗದವೂ ನೆನೆಯುವಂತಿರಲಿಲ್ಲ.

ನನಗೆ ಸುಮ್ಮನಿರಲಾಗಲಿಲ್ಲ. ಬಾಡಕ್ಕೆ ಹೋಗುವ ಬಸ್ಸಿನ ಕಂಡಕ್ಟರನ ಹತ್ತಿರ ಅಜ್ಜಿಗೆ ಹೇಳಿ ಕಳಿಸಿದೆ, ಹಂಚು ಹೀಗೆ ಹೋಯಿತು, ತಪ್ಪಾಯಿತು ಎಂದು. ಮರುದಿನ ಕಂಡಕ್ಟರ ಇಳಿದವನೇ ನೇರ ನನ್ನ ಮೇಜಿಗೆ ಬಂದ. ಅಜ್ಜಿ ಹಾಸಿಗೆ ಹಿಡಿದಿದ್ದಾಳಂತೆ, ಹೆಚ್ಚು ದಿನ ಇಲ್ಲವಂತೆ. ಆದರೂ ಸುದ್ದಿ ಕೇಳಿ ನಕ್ಕಳಂತೆ.

'ಏನಂದಳು?'

'ಅವ್ರು ಹಂಚು ಹೊದಿಸಿದ್ದಕ್ಕೆ ಪರವಾನಗಿ ತಕಂಡಿದ್ರಾ, ಅದೊಂದು ನೋಡಿ ಹೇಳು ಅಂದ್ರು.'

ನಾನು ಎದ್ದು ಫೈಲು ಹುಡುಕಿದೆ. ಅರ್ಜಿ ಇಲ್ಲ, ನಮೂನೆ ಇಲ್ಲ, ಓವರ್‌ಸಿಯರ್ ಅಳತೆ ಇಲ್ಲ, ಪಾಯಖಾನೆಯ ಚೌಕವೂ ಇಲ್ಲ. ಪರವಾನಗಿ ತೆಗೆದುಕೊಂಡಿರಲಿಲ್ಲ.

ಕಟ್ಟಡ ಪರವಾನಗಿಯ ಕಾರಕೂನ ನಾನು. ಪರವಾನಗಿ ಇಲ್ಲದೆ ಮಾಡು ಹೊದಿಸಿದವರಿಗೆ ನೋಟೀಸು ಬರೆಯುವುದು ನನ್ನ ಕೆಲಸ. ಬರೆದೆ. 'ಹದಿನೈದು ದಿನದೊಳಗೆ ಸದರಿ ಹಂಚು ತೆಗೆಯತಕ್ಕದ್ದು.' ಜಾವಕ ನಂಬರು ಹಾಕಿದೆ. ಶಿಪಾಯಿ ಖಳಿ ಹಚ್ಚಿ ನಮ್ಮ ಕಚೇರಿಯ ಬಾಗಿಲಿಗೇ ಅಂಟಿಸಿದ. ಈ ಸಲ ಬಾಗಿಲು ಇತ್ತು. ಅದನ್ನು ಓದಲು ಸಂತೆಯ ಜನವೆಲ್ಲ ಸೇರಿತು.

ಹದಿನೈದು ದಿನ ಬೇಕಾಗಲಿಲ್ಲ. ಮೂರನೇ ದಿನಕ್ಕೇ ನನ್ನನ್ನು ಪಕ್ಕದ ಊರಿಗೆ ಎರವಲು ಕೊಟ್ಟರು. ಅಲ್ಲಿಯವರಿಗೂ ನನ್ನ ಸುದ್ದಿ ತಿಳಿದು ಅದರಾಚೆಯ ಊರಿಗೆ ದಾಟಿಸಿದರು. ನಾನು ಮೂರು ಊರು ಕಂಡದ್ದು ಹೀಗೆ. ಹೊರಡುವ ದಿನ ಕಂಡಕ್ಟರನ ಹತ್ತಿರ ಅಜ್ಜಿಗೆ ಉತ್ತರ ಕಳಿಸಿದೆ, 'ಪರವಾನಗಿ ಇರಲಿಲ್ಲ ಅಜ್ಜಿ, ನೋಟೀಸು ಕೊಟ್ಟಿದ್ದೇನೆ' ಎಂದು. ಅವನು ಬಾಡ ಮುಟ್ಟುವ ಹೊತ್ತಿಗೆ ಅವಳನ್ನು ಆಗಲೇ ಎತ್ತಿದ್ದರಂತೆ.